ಯಾರ ದೇಹಕ್ಕೆ ಎಷ್ಟು ಲೋಹ? ಯಾದಗಿರಿ ಜಿಲ್ಲೆಯ ಮಟ್ಟದಲ್ಲಿ ಭಾರಲೋಹ ನಕ್ಷೆ ತಯಾರಿಸುವ ಸಮಗ್ರ ಮಾರ್ಗದರ್ಶಿ

ಸುರಪುರ ತಾಲ್ಲೂಕಿನಲ್ಲಿ ಮಂಗಳೂರು ಎಂಬ ಊರಿದೆ. ಕರಾವಳಿಯ ಮಂಗಳೂರಲ್ಲ, ಹಳೆಯ ಚಿನ್ನದ ಗಣಿಯ ಮಂಗಳೂರು. ಅದರ ಹತ್ತಿರದ ಕಿರದಳ್ಳಿ ತಾಂಡಾದಲ್ಲಿ 181 ಜನರ ಚರ್ಮ ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಆರ್ಸೆನಿಕ್ ವಿಷದ ಗುರುತುಗಳು ಕಂಡವು. 2013ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಅಲ್ಲಿನ ಕಲ್ಲಿನಲ್ಲೇ ಚಿನ್ನದ ಜೊತೆ ಆರ್ಸೆನಿಕ್ ಇದೆ. ಕೊಳವೆಬಾವಿ ಕೊರೆದಾಗ ಅದು ನೀರಿಗೆ ಬಂತು, ನೀರಿನಿಂದ ಕೊಡಕ್ಕೆ, ಕೊಡದಿಂದ ಹೊಟ್ಟೆಗೆ.

ಇಂಥ ಜಾಗಗಳು ಇನ್ನೆಷ್ಟಿವೆ, ಅಲ್ಲಿ ಯಾರು ಎಷ್ಟು ಲೋಹ ಸೇವಿಸುತ್ತಿದ್ದಾರೆ ಎಂದು ಒಂದು ಜಿಲ್ಲೆಯ ಮಟ್ಟದಲ್ಲಿ ತಿಳಿಯಬೇಕಾದರೆ ಏನು ಮಾಡಬೇಕು? ಈ ಬರಹ ಅದಕ್ಕೇ. ಮಣ್ಣಿನ ನಕ್ಷೆ, ನೀರಿನ ನಕ್ಷೆ ಮಾಡಿ ಅದನ್ನೇ ಜನರ ನಕ್ಷೆ ಎಂದು ಕರೆಯುವ ರೂಢಿ ನಮ್ಮಲ್ಲಿದೆ. ಅದು ತಪ್ಪು. ನೀರಿನಲ್ಲಿ ಲೋಹವಿದ್ದೂ ಆ ನೀರನ್ನು ಯಾರೂ ಕುಡಿಯದಿರಬಹುದು. ನೀರು ಶುದ್ಧವಿದ್ದೂ ಅಡುಗೆಮನೆಯ ಅರಿಶಿನದಲ್ಲಿ, ಗಂಡ ದುಡಿದು ಬಂದ ಅಂಗಿಯಲ್ಲಿ ಸೀಸವಿರಬಹುದು. ಆದ್ದರಿಂದ ಕೆಲಸ ಮನುಷ್ಯನ ದೇಹದಿಂದ ಶುರುವಾಗಿ ಹಿಂದಕ್ಕೆ, ಮೂಲದ ಕಡೆಗೆ ಹೋಗಬೇಕು.

ಹಂತ 1: ಯಾವ ಲೋಹ, ದೇಹದ ಯಾವ ಮಾದರಿ

ಎಲ್ಲ ಲೋಹಗಳನ್ನೂ ರಕ್ತದಲ್ಲೇ ಅಳೆಯಹೊರಟರೆ ದುಡ್ಡೂ ಹಾಳು, ಉತ್ತರವೂ ಸಿಗದು. ಪ್ರತಿ ಲೋಹಕ್ಕೂ ದೇಹದಲ್ಲಿ ತನ್ನದೇ ದಾರಿಯಿದೆ, ತನ್ನದೇ ಗಡುವಿದೆ.

ಸೀಸಕ್ಕೆ ರಕ್ತ. ರಕ್ತದಲ್ಲಿ ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದು ಅರ್ಧಕ್ಕಿಳಿಯುವ ಕಾಲ, ಸುಮಾರು ಒಂದು ತಿಂಗಳು. ಹಾಗಾಗಿ ಇಂದಿನ ಅಳತೆ ಹೇಳುವುದು ಕಳೆದ ಎರಡು ಮೂರು ತಿಂಗಳ ಕಥೆ. ಉಳಿದ ಸೀಸ ಮೂಳೆ ಸೇರಿ ದಶಕಗಟ್ಟಲೆ ಕೂರುತ್ತದೆ, ಬಸಿರು ಬಾಣಂತನದಲ್ಲಿ ಮತ್ತೆ ರಕ್ತಕ್ಕೆ ಇಳಿಯುತ್ತದೆ.

ಆರ್ಸೆನಿಕ್‌ಗೆ ಮೂತ್ರ. ಕುಡಿದ ಆರ್ಸೆನಿಕ್ ರಕ್ತದಿಂದ ಕೆಲವೇ ಗಂಟೆಗಳಲ್ಲಿ ಜಾಗ ಖಾಲಿ ಮಾಡಿ ಕೆಲವು ದಿನಗಳಲ್ಲಿ ಮೂತ್ರದ ಮೂಲಕ ಹೊರಹೋಗುತ್ತದೆ. ರಕ್ತ ನೋಡಿದರೆ ಕೈಗೆ ಸಿಗುವುದಿಲ್ಲ. ಮೂತ್ರದಲ್ಲೂ ಒಟ್ಟು ಆರ್ಸೆನಿಕ್ ಸಾಲದು. ಸಮುದ್ರದ ಮೀನು ತಿಂದವರಲ್ಲಿ ನಿರಪಾಯಕಾರಿ ಆರ್ಸೆನೋಬೀಟೇನ್ ಏರಿ ಲೆಕ್ಕ ಕೆಡಿಸುತ್ತದೆ. ಅಜೈವಿಕ ಆರ್ಸೆನಿಕ್, ದೇಹ ಅದನ್ನು ಬದಲಿಸಿದಾಗ ಆಗುವ ಎಂಎಂಎ, ಡಿಎಂಎ ಈ ಮೂರನ್ನು ಬೇರ್ಪಡಿಸಿ ಕೂಡಿಸಿದ ಮೊತ್ತವೇ ಬೇಕು. ಮಾದರಿ ಕೊಡುವ ಮುಂಚಿನ ಮೂರು ನಾಲ್ಕು ದಿನ ಮೀನು, ಸೀಗಡಿ ತಿನ್ನಬೇಡಿ ಎಂದು ಮೊದಲೇ ಹೇಳಿಬನ್ನಿ. ನಮ್ಮ ಕಡೆ ಸಮುದ್ರದ ಮೀನು ಕಡಿಮೆಯೇ, ಆದರೂ ಒಣಮೀನಿನ ಬಗ್ಗೆ ಬಿಡದೆ ಕೇಳಿ.

ಕ್ಯಾಡ್ಮಿಯಂಗೂ ಮೂತ್ರವೇ, ಆದರೆ ಅದು ಮೂತ್ರಪಿಂಡದಲ್ಲಿ ಹತ್ತಾರು ವರ್ಷ ಕೂಡಿಟ್ಟದ್ದರ ಲೆಕ್ಕ. ಬೀಡಿ ಸಿಗರೇಟಿನ ಹೊಗೆ ಇದರ ದೊಡ್ಡ ಮೂಲ. ಸೇದುವವರನ್ನೂ ಸೇದದವರನ್ನೂ ಒಂದೇ ಸಾಲಿನಲ್ಲಿ ಇಟ್ಟರೆ ನಕ್ಷೆಯಲ್ಲಿ ಕಾಣುವುದು ಬೀಡಿಯ ಹಂಚಿಕೆಯೇ ಹೊರತು ಮಣ್ಣಿನದ್ದಲ್ಲ. ಮೀನಿನಿಂದ ಬರುವ ಪಾದರಸಕ್ಕೆ ಕೂದಲು ಸಾಕು: ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುವುದರಿಂದ ಬುಡದ 3 ಸೆಂ.ಮೀ. ಮೂರು ತಿಂಗಳ ದಾಖಲೆ. ಆರ್ಸೆನಿಕ್‌ಗೆ ಮಾತ್ರ ಕೂದಲನ್ನು ನೆಚ್ಚಬೇಡಿ. ಅದೇ ಬೋರಿನ ನೀರಲ್ಲಿ ತಲೆ ತೊಳೆದವರ ಕೂದಲಿಗೆ ಹೊರಗಿನಿಂದಲೇ ಆರ್ಸೆನಿಕ್ ಅಂಟಿರುತ್ತದೆ, ಎಷ್ಟು ತೊಳೆದರೂ ಪೂರ್ತಿ ಬಿಡದು.

ಯಾದಗಿರಿ ಮತ್ತು ಅದೇ ಕ್ರಮ ಅನುಸರಿಸಬಹುದಾದ ಕಲಬುರಗಿ, ಬೀದರ್ ಈ ಮೂರು ಜಿಲ್ಲೆಗಳಲ್ಲಿ ಎಲ್ಲಿ ಏನನ್ನು ಮೊದಲು ಹುಡುಕಬೇಕು ಎಂಬುದು ಅಲ್ಲಿನ ಕಸುಬು ಮತ್ತು ಕಲ್ಲಿನ ಮೇಲೆ ನಿಂತಿದೆ. ಸುರಪುರ, ಹುಣಸಗಿಯ ಶಿಲಾಪಟ್ಟಿಯಲ್ಲಿ ಆರ್ಸೆನಿಕ್. ಕಲಬುರಗಿ ನಗರದಲ್ಲಿ ಬ್ಯಾಟರಿ ರಿಪೇರಿ, ಗ್ಯಾರೇಜು, ಬಣ್ಣ ಬಳಿಯುವ ಕೆಲಸದ ಓಣಿಗಳಲ್ಲಿ ಸೀಸ. ಬೀದರ್‌ನ ಬಿದರಿ ಕೆಲಸದ ಮೂಲ ಲೋಹ ಸತುವು ಮತ್ತು ತಾಮ್ರ. ಆದರೆ ಮಾರುಕಟ್ಟೆಯ ಸತುವಿನಲ್ಲಿ ಸೀಸದ ಅಂಶ ಇರುವುದುಂಟು, ಕರಗಿಸುವ ಕೋಣೆಗೆ ಗಾಳಿಯಾಡದಿದ್ದರೆ ಕುಶಲಕರ್ಮಿಯ ರಕ್ತವನ್ನು ಅಳೆದು ನೋಡುವುದೇ ಸರಿ. ಕಲ್ಲು, ಸಿಮೆಂಟಿನ ಧೂಳಿರುವ ಶಹಾಬಾದ್, ವಾಡಿ, ಸೇಡಂ ಕಡೆ ಮನೆಯೊಳಗಿನ ಧೂಳನ್ನೂ ಪಟ್ಟಿಗೆ ಸೇರಿಸಿ.

ಹಂತ 2: ಅನುಮತಿ

ಇದನ್ನು ಕೊನೆಗೆ ಇಟ್ಟುಕೊಂಡವರ ಕೆಲಸ ನಡುವಲ್ಲೇ ನಿಲ್ಲುತ್ತದೆ. ವೈದ್ಯಕೀಯ ಕಾಲೇಜಿನ ಸಾಂಸ್ಥಿಕ ನೈತಿಕ ಸಮಿತಿಯ ಒಪ್ಪಿಗೆ ಮೊದಲು ಬೇಕು. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ಮಕ್ಕಳ ವಿಷಯದಲ್ಲಿ ತಂದೆ ತಾಯಿಯ ಸಹಿಯ ಜೊತೆಗೆ 7ರಿಂದ 12 ವರ್ಷದ ಮಗುವಿನ ಬಾಯಿಮಾತಿನ ಒಪ್ಪಿಗೆ, 12 ದಾಟಿದವರಿಂದ ಬರಹದ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲಿ ಇದ್ದರೆ ಸಾಲದು. ತಾಂಡಾದಲ್ಲಿ ಲಂಬಾಣಿಯಲ್ಲಿ, ನಗರದ ಹಲವು ಓಣಿಗಳಲ್ಲಿ ದಖನಿಯಲ್ಲಿ, ಗುರುಮಠಕಲ್ ಗಡಿಯಲ್ಲಿ ತೆಲುಗಿನಲ್ಲಿ ಓದಿ ಹೇಳುವವರು ತಂಡದಲ್ಲಿರಬೇಕು. ಪತ್ರದಲ್ಲಿ ಒಂದು ಸಾಲು ಮರೆಯಬೇಡಿ: ಫಲಿತಾಂಶವನ್ನು ನಿಮಗೆ ಇಷ್ಟು ದಿನದೊಳಗೆ ತಂದು ಕೊಡುತ್ತೇವೆ. ಬರೆದಮೇಲೆ ನಡೆಸಿಕೊಡಿ.

ಹಂತ 3: ಊರುಗಳ ಪಟ್ಟಿ, ತಾಂಡಾಗಳ ಪಟ್ಟಿ

ಇಲ್ಲಿಯೇ ಹೆಚ್ಚಿನ ಸಮೀಕ್ಷೆಗಳು ಎಡವುವುದು, ಆದ್ದರಿಂದ ನಿಧಾನವಾಗಿ ನೋಡೋಣ.

ಜನಗಣತಿ 2011ರ ಗ್ರಾಮಪಟ್ಟಿಯನ್ನು ಇಳಿಸಿಕೊಂಡು ಅದರಿಂದ ಊರು ಆರಿಸುವುದು ರೂಢಿ. ಅದರಲ್ಲಿ ಯಾದಗಿರಿ ಜಿಲ್ಲೆಗೆ 11.74 ಲಕ್ಷ ಜನ, ಮೂರೇ ತಾಲ್ಲೂಕು: ಯಾದಗಿರಿ, ಶಹಾಪುರ, ಸುರಪುರ. ಈಗ ಹುಣಸಗಿ, ವಡಗೇರಾ, ಗುರುಮಠಕಲ್ ಸೇರಿ ಆರು. ಇನ್ನೂ ಹಿಂದಿನ ನೀರಿನ ದಾಖಲೆಗಳಿಗೆ ಹೋದರೆ ಯಾದಗಿರಿ ಎಂಬ ಜಿಲ್ಲೆಯೇ ಇಲ್ಲ. 2009ರ ಕೊನೆಯವರೆಗೆ ಅದು ಗುಲ್ಬರ್ಗಾ ಜಿಲ್ಲೆಯ ಭಾಗ. ಆ ಗುಲ್ಬರ್ಗಾದ ಹೆಸರೂ 2014ರಲ್ಲಿ ಕಲಬುರಗಿ ಆಯಿತು. ಹೆಸರಿನ ಮೇಲೆ ಎರಡು ಪಟ್ಟಿ ಜೋಡಿಸಿದರೆ ಅರ್ಧ ಸಾಲುಗಳು ಕೂಡುವುದೇ ಇಲ್ಲ, ಕೂಡಿದ ಕೆಲವು ಬೇರೆ ಊರಿಗೆ ಕೂಡಿರುತ್ತವೆ. ಮೇಲೆ ಹೇಳಿದ ಮಂಗಳೂರೇ ಸಾಕ್ಷಿ. ಜನಗಣತಿಯ ಆರಂಕಿ ಗ್ರಾಮಸಂಖ್ಯೆ ಮತ್ತು ಸ್ಥಳೀಯ ಸರ್ಕಾರಗಳ ಡೈರೆಕ್ಟರಿಯ ಸಂಖ್ಯೆ ಇವೆರಡನ್ನೂ ಒಂದೇ ಹಾಳೆಯಲ್ಲಿ ಇಟ್ಟುಕೊಂಡು ಸಂಖ್ಯೆಯಿಂದಲೇ ಜೋಡಿಸಿ. ಹೆಸರು ಓದುವ ಅನುಕೂಲಕ್ಕೆ ಮಾತ್ರ.

ತಾಂಡಾಗಳ ಸಮಸ್ಯೆ ಇದಕ್ಕಿಂತ ದೊಡ್ಡದು. ಬಹಳಷ್ಟು ತಾಂಡಾ, ದೊಡ್ಡಿ, ಹಟ್ಟಿಗಳು ದಶಕಗಳ ಕಾಲ ಪಕ್ಕದ ಕಂದಾಯ ಗ್ರಾಮದ ಲೆಕ್ಕದಲ್ಲೇ ಕರಗಿಹೋಗಿದ್ದವು. 2023ರ ಜನವರಿಯಲ್ಲಿ ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು, ವಿಜಯಪುರ ಜಿಲ್ಲೆಗಳ ಸಾವಿರಕ್ಕೂ ಹೆಚ್ಚು ಇಂಥ ವಸತಿಗಳ ಜನರಿಗೆ ಹಕ್ಕುಪತ್ರ ಹಂಚಲಾಯಿತು; ಅಂದರೆ ಅಲ್ಲಿಯವರೆಗೆ ಅವು ಪಟ್ಟಿಯಲ್ಲೇ ಇರಲಿಲ್ಲ. ಊರಿಗೊಂದು ನಳ, ತಾಂಡಾಕ್ಕೊಂದು ಬೋರು ಎಂಬಂತಿರುವ ಕಡೆ, ಪಟ್ಟಿಯಲ್ಲಿಲ್ಲದ ತಾಂಡಾ ಎಂದರೆ ಅತಿ ಹೆಚ್ಚು ಅಪಾಯದಲ್ಲಿರುವವರನ್ನೇ ಬಿಟ್ಟಂತೆ. ಆಶಾ ಕಾರ್ಯಕರ್ತೆಯ ಮನೆಪಟ್ಟಿ, ಅಂಗನವಾಡಿಯ ನೋಂದಣಿ ಪುಸ್ತಕ ಮತ್ತು ಉಪಗ್ರಹ ಚಿತ್ರ ಮೂರನ್ನೂ ಮುಂದಿಟ್ಟುಕೊಂಡು ಪ್ರತಿ ವಸತಿಗೂ ಒಂದು ಸಾಲು ಬರೆಯಿರಿ: ಮನೆ ಎಷ್ಟು, ಕುಡಿಯುವ ನೀರು ಎಲ್ಲಿಂದ, ಅಕ್ಷಾಂಶ ರೇಖಾಂಶ ಎಷ್ಟು. ಇದಕ್ಕೆ ಒಂದು ತಿಂಗಳು ಹಿಡಿದರೂ ಸರಿ.

ಹಂತ 4: ಎಷ್ಟು ಜನ, ಯಾವ ಮನೆ

ಅಪಾಯದ ಮಟ್ಟ ದಾಟಿದವರ ಪ್ರಮಾಣ ಮೊದಲೇ ಗೊತ್ತಿಲ್ಲದಿದ್ದರೆ ಶೇ. 50 ಎಂದು ಹಿಡಿಯಿರಿ. ಶೇ. 5ರಷ್ಟು ಆಚೀಚೆ ಸಹಿಸುವುದಾದರೆ ಸರಳ ಲೆಕ್ಕಕ್ಕೆ 385 ಜನ ಸಾಕು. ಆದರೆ ಒಂದೇ ಊರಿನವರು ಒಂದೇ ನೀರು ಕುಡಿಯುವುದರಿಂದ ಒಬ್ಬರಂತೆಯೇ ಇನ್ನೊಬ್ಬರಿರುತ್ತಾರೆ, ಹೊಸ ಮಾಹಿತಿ ಕಡಿಮೆ. ಅದಕ್ಕಾಗಿ 1.5ರಿಂದ ಗುಣಿಸಿ: 578. ಹತ್ತರಲ್ಲಿ ಒಬ್ಬರು ಒಲ್ಲೆ ಅನ್ನುತ್ತಾರೆ ಎಂದುಕೊಂಡು 0.9ರಿಂದ ಭಾಗಿಸಿ: 642. ಇದನ್ನು 30 ಗುಂಪುಗಳಿಗೆ (ಗುಂಪೆಂದರೆ ಒಂದು ಊರು, ತಾಂಡಾ ಅಥವಾ ಓಣಿ) ಹಂಚಿದರೆ ಗುಂಪಿಗೆ 22 ಮನೆ, ಒಟ್ಟು 660. ಬೋರಿನ ನೀರನ್ನೇ ನೆಚ್ಚಿದ ಊರುಗಳಲ್ಲಿ ಒಬ್ಬರಿಂದೊಬ್ಬರಿಗೆ ಹೋಲಿಕೆ ಇನ್ನೂ ಹೆಚ್ಚು. ಕೈಯಲ್ಲಿ ಹಣವಿದ್ದರೆ 1.5ರ ಬದಲು 2 ಹಿಡಿಯಿರಿ, ಗುಂಪಿನೊಳಗಿನ ಮನೆ ಹೆಚ್ಚಿಸುವ ಬದಲು ಗುಂಪುಗಳನ್ನೇ ಹೆಚ್ಚಿಸಿ.

30 ಗುಂಪನ್ನು ಜಿಲ್ಲೆಯ ಮೇಲೆ ಸುಮ್ಮನೆ ಚೆಲ್ಲಬೇಡಿ. ಶಿಲಾಪಟ್ಟಿಯ ಬೋರ್‌ವೆಲ್ ಊರುಗಳು, ಕೈಗಾರಿಕೆ ಮತ್ತು ಗ್ಯಾರೇಜಿನ ಓಣಿಗಳು, ಉಳಿದದ್ದು ಎಂದು ಮೂರು ಪಾಲು ಮಾಡಿ, ಕ್ರಮವಾಗಿ 12, 8, 10 ಕೊಡಿ. ಪಾಲಿನೊಳಗೆ ಜನಸಂಖ್ಯೆ ಹೆಚ್ಚಿದ್ದ ಊರಿಗೆ ಆಯ್ಕೆಯಾಗುವ ಅವಕಾಶವೂ ಹೆಚ್ಚಿರಬೇಕು. ಮೊದಲ ಎರಡು ಪಾಲುಗಳಿಗೆ ಬೇಕೆಂದೇ ಹೆಚ್ಚು ಕೊಟ್ಟಿರುವುದರಿಂದ, ಕೊನೆಗೆ ಜಿಲ್ಲೆಯ ಸರಾಸರಿ ಹೇಳುವಾಗ ತೂಕ ಹಾಕಿ ತಗ್ಗಿಸಲೇಬೇಕು. ಇದನ್ನು ಮರೆತರೆ ಇಡೀ ಜಿಲ್ಲೆಯೇ ವಿಷದಲ್ಲಿ ಮುಳುಗಿದಂತೆ ಅಂಕಿ ಬರುತ್ತದೆ, ಮರುದಿನ ಪತ್ರಿಕೆಯಲ್ಲೂ ಹಾಗೇ ಬರುತ್ತದೆ.

ಮನೆಯೊಳಗೆ ವಯಸ್ಕರೊಬ್ಬರನ್ನು ಚೀಟಿ ಎತ್ತಿ ಆರಿಸಿ. ಎದುರಿಗೆ ಸಿಕ್ಕವರನ್ನೇ ಹಿಡಿದರೆ ಹಗಲು ಮನೆಯಲ್ಲಿರುವ ಮುದುಕರು ಮಾತ್ರ ಸಿಗುತ್ತಾರೆ. ಆ ಮನೆಯಲ್ಲಿ 1ರಿಂದ 5 ವರ್ಷದ ಮಗುವಿದ್ದರೆ ಸೀಸಕ್ಕೆ ಅದೂ ಸೇರಲಿ.

ಕಾಲ ನೋಡಿ ಹೊರಡಿ. ದೀಪಾವಳಿ ದಾಟಿ ಸುಗ್ಗಿ ಮುಗಿಯುತ್ತಲೇ ದುಡಿಯುವ ವಯಸ್ಸಿನವರು ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್‌ಗೆ ಗುಳೆ ಹೋಗಿರುತ್ತಾರೆ. ಬೇಸಿಗೆಯಲ್ಲಿ ಬೀಗ ಹಾಕಿದ ಮನೆ ಎಣಿಸುವುದೇ ಕೆಲಸವಾದೀತು. ಕಾರಹುಣ್ಣಿಮೆ ಹೊತ್ತಿಗೆ ಬಿತ್ತನೆಗೆಂದು ಊರು ತುಂಬುತ್ತದೆ, ಆದರೆ ಆಗ ಇನ್ನೊಂದು ತೊಡಕು: ನಾಲ್ಕು ತಿಂಗಳು ನಗರದಲ್ಲಿ ಹಳೆಯ ಬಣ್ಣ ಕೆರೆಯುವ ಕೆಲಸ ಮಾಡಿ ಬಂದವನ ರಕ್ತದ ಸೀಸ ಆ ನಗರದ್ದು. ಅದನ್ನು ಅವನ ಊರಿನ ಮೇಲೆ ಚುಕ್ಕೆ ಇಟ್ಟು ತೋರಿಸಿದರೆ ಊರಿಗೆ ಅನ್ಯಾಯ. ಆದ್ದರಿಂದ ಕಳೆದ 90 ದಿನಗಳಲ್ಲಿ ಎಲ್ಲೆಲ್ಲಿ ಇದ್ದಿರಿ ಎಂಬ ಪ್ರಶ್ನೆ ಸೀಸಕ್ಕೆ, ಕಳೆದ 7 ದಿನಗಳ ಪ್ರಶ್ನೆ ಆರ್ಸೆನಿಕ್‌ಗೆ ಕಡ್ಡಾಯ. ಇದ್ದುದರಲ್ಲಿ, ಬಿತ್ತನೆ ಮುಗಿದು ಎರಡು ಮೂರು ತಿಂಗಳಾದ ಮೇಲೆ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಮಾಡುವುದು ಉತ್ತಮ. ರಂಜಾನ್ ತಿಂಗಳಲ್ಲಿ ಹಗಲಿನ ಮೂತ್ರ ಗಟ್ಟಿಯಾಗಿರುತ್ತದೆ, ಆಗ ಬೇಡ. ಅಮಾವಾಸ್ಯೆ ದಿನ ರಕ್ತ ಕೊಡಲು ಬಹಳ ಮನೆಗಳಲ್ಲಿ ಒಪ್ಪುವುದಿಲ್ಲ, ಅದಕ್ಕೂ ಹಟ ಹಿಡಿಯಬೇಡಿ.

ಹಂತ 5: ಕೇಳುವ ಕ್ರಮ

"ದಿನಕ್ಕೆ ಎಷ್ಟು ಲೀಟರ್ ನೀರು ಕುಡಿಯುತ್ತೀರಿ?" ಎಂದು ಕೇಳಿದರೆ ಬರುವ ಉತ್ತರಕ್ಕೆ ಬೆಲೆಯಿಲ್ಲ. ಅವರ ಮನೆಯ ತಂಬಿಗೆಯನ್ನೇ ತರಿಸಿ, ಅಳತೆ ಪಾತ್ರೆಗೆ ಸುರಿದು ಎಷ್ಟು ಹಿಡಿಯುತ್ತದೆ ನೋಡಿ. ಆಮೇಲೆ ಕೇಳಿ: "ಯಕ್ಕಾ, ನಿನ್ನಿ ಮುಂಜಾನಿಂದ ರಾತ್ರಿ ಮಲಗೋ ತನಕ ಈ ತಂಬಿಗೀಲೆ ಎಷ್ಟ ಸಲ ಕುಡದ್ರಿ? ಹೊಲಕ್ಕ ಹೋದಾಗ ಯಾ ನೀರ ಒಯ್ದ್ರಿ?" ಈ ಎರಡನೆಯ ಪ್ರಶ್ನೆ ಮುಖ್ಯ. ಮನೆಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ಇರುತ್ತದೆ, ಹೊಲದಲ್ಲಿ ದಿನವಿಡೀ ಕುಡಿಯುವುದು ಹೊಲದ ಬೋರಿನದು. ಅಡುಗೆಗೆ, ಬೇಳೆ ಬೇಯಿಸಲು, ರೊಟ್ಟಿಯ ಹಿಟ್ಟು ನಾದಲು ಯಾವ ನೀರು ಎಂಬುದನ್ನೂ ಬೇರೆಯಾಗಿ ಬರೆಯಿರಿ. ಕುಡಿಯುವ ನೀರು ಬೇರೆ, ಬಳಸುವ ನೀರು ಬೇರೆ ಎಂದು ನಮ್ಮ ಮನೆಗಳಲ್ಲಿ ಸಹಜವಾಗಿ ಹೇಳುತ್ತಾರೆ. ಆ ಬಳಸುವ ನೀರಿನಲ್ಲೇ ಅನ್ನ ಬೆಂದಿರುತ್ತದೆ. ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ.

ಲೆಕ್ಕ ಹೀಗೆ. ನೀರಿನಲ್ಲಿ ಲೀಟರಿಗೆ 50 ಮೈಕ್ರೋಗ್ರಾಂ ಆರ್ಸೆನಿಕ್ ಇದೆ ಎನ್ನಿ. ಬಿಸಿಲಲ್ಲಿ ಕಳೆ ತೆಗೆಯುವ 50 ಕಿಲೋ ತೂಕದ ಹೆಣ್ಣುಮಗಳು 5 ಲೀಟರ್ ಕುಡಿದು, 1 ಲೀಟರ್‌ನಷ್ಟು ಅಡುಗೆಯಲ್ಲಿ ತಿಂದರೆ ದಿನಕ್ಕೆ 300 ಮೈಕ್ರೋಗ್ರಾಂ, ಅಂದರೆ ಕಿಲೋ ತೂಕಕ್ಕೆ 6. ಅದೇ ನೀರನ್ನು ನೆರಳಲ್ಲಿ ಕೂತು 2 ಲೀಟರ್ ಕುಡಿಯುವ 60 ಕಿಲೋ ವ್ಯಕ್ತಿಗೆ 1.7ಕ್ಕಿಂತ ಕಡಿಮೆ. ಒಂದೇ ಬೋರು, ಒಂದೇ ನೀರು, ಮೂರೂವರೆ ಪಟ್ಟು ವ್ಯತ್ಯಾಸ. ನೀರಿನ ನಕ್ಷೆ ಇದನ್ನು ತೋರಿಸಲಾರದು. ಪುಸ್ತಕದ 2 ಲೀಟರ್ ಲೆಕ್ಕವನ್ನು ಯಾದಗಿರಿಯ ಬಿಸಿಲಿಗೆ ಹಚ್ಚಬೇಡಿ.

ಸೀಸಕ್ಕೆ ಕೇಳಬೇಕಾದವು: ಹಿತ್ತಾಳೆ ಪಾತ್ರೆಗೆ ಕಲಾಯಿ ಯಾರು ಹಾಕುತ್ತಾರೆ (ತವರದ ಜೊತೆ ಸೀಸ ಬೆರೆಸುವುದುಂಟು), ಜರ್ಮನ್ ಎಂದು ಕರೆಯುವ ಅಲ್ಯೂಮಿನಿಯಂ ಪಾತ್ರೆ ಗುಜರಿ ಕರಗಿಸಿ ಮಾಡಿದ್ದೇ, ಬಿಡಿ ಅರಿಶಿನಪುಡಿ ಎಲ್ಲಿಯದು, ಮಗುವಿನ ಕಣ್ಣಿಗೆ ಸುರ್ಮಾ ಹಚ್ಚುತ್ತೀರಾ, ನಾಟಿ ಔಷಧದ ಭಸ್ಮ ಸೇವಿಸುತ್ತೀರಾ, ಮನೆಯಲ್ಲಿ ಯಾರಾದರೂ ಬ್ಯಾಟರಿ, ವೆಲ್ಡಿಂಗ್, ಪೇಂಟ್ ಕೆಲಸಕ್ಕೆ ಹೋಗುತ್ತಾರಾ, ಕೆಲಸದ ಬಟ್ಟೆ ಎಲ್ಲಿ ಒಗೆಯುತ್ತೀರಿ. ಬಾಗಿಲು ಕಿಟಕಿಯ ಹಳೆಯ ಬಣ್ಣದ ಬಗ್ಗೆಯೂ ಕೇಳಿ. ಮನೆಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ, ಅದಕ್ಕೂ ಮುಂಚಿನ ಬಣ್ಣ ಗೋಡೆಯ ಮೇಲೆ ಹಾಗೇ ಇದೆ.

ಹಂತ 6: ಮಾದರಿ ತೆಗೆಯುವುದು

ನೂರು ಕೋಟಿಯಲ್ಲಿ ಒಂದೆರಡು ಭಾಗವನ್ನು ಅಳೆಯುವ ಕೆಲಸಕ್ಕೆ ಬೆರಳಿನ ಧೂಳೂ ಶತ್ರು. ಇಲ್ಲಿ ಬಿಗಿ ಶಿಸ್ತು ಬೇಕು.

ರಕ್ತ: ಲೋಹಮುಕ್ತ ಎಂದು ಪ್ರಮಾಣೀಕರಿಸಿದ, ಕಡುನೀಲಿ ಮುಚ್ಚಳದ, ಹೆಪ್ಪು ತಡೆಯುವ ಕೆ2 ಇಡಿಟಿಎ ಇರುವ ನಳಿಕೆ, 3 ಮಿ.ಲೀ. ಸಾಮಾನ್ಯ ನೇರಳೆ ಮುಚ್ಚಳದ್ದು ಬೇಡ. ನಳಿಕೆ ತುಂಬಿದೊಡನೆ ನಿಧಾನಕ್ಕೆ 8–10 ಸಲ ತಲೆಕೆಳಗು ಮಾಡಿ. ಜೋರಾಗಿ ಅಲುಗಿಸಿದರೆ ರಕ್ತಕಣ ಒಡೆಯುತ್ತದೆ, ಅಲುಗಿಸದಿದ್ದರೆ ಹೆಪ್ಪುಗಟ್ಟುತ್ತದೆ. ಸೀಸ ಇರುವುದೇ ಕೆಂಪು ಕಣಗಳಲ್ಲಿ, ಹೆಪ್ಪಿನೊಳಗೆ ಸಿಕ್ಕಿಬಿದ್ದರೆ ಅಳತೆ ಸುಳ್ಳು. 4 ಡಿಗ್ರಿಯಲ್ಲಿ ಇಡಿ, ಮಂಜುಗಡ್ಡೆಗೆ ನೇರ ತಾಗಿಸಬೇಡಿ. "ನೆತ್ತರ ಒಯ್ದು ಮಾರ್ತಾರ" ಎಂಬ ಮಾತು ಊರಲ್ಲಿ ಎದ್ದರೆ ಬಾಯಿಮಾತಿನ ಸಮಾಧಾನ ಸಾಲದು. ಖಾಲಿ ನಳಿಕೆಗೆ ಬಣ್ಣದ ನೀರು ಹಾಕಿ ಚಹಾ ಚಮಚಕ್ಕೆ ಸುರಿದು ತೋರಿಸಿ; ಒಂದು ಚಮಚವೂ ತುಂಬುವುದಿಲ್ಲ.

ಚಿಕ್ಕ ಮಕ್ಕಳಿಗೆ ಬೆರಳ ತುದಿಯ ರಕ್ತ, ಕೈಯಲ್ಲಿ ಒಯ್ಯುವ ಯಂತ್ರ. ಇದಕ್ಕೆ ಎರಡು ಹನಿ ಸಾಕು, ಮೂರು ನಿಮಿಷದಲ್ಲಿ ಉತ್ತರ. ಆದರೆ ಮಣ್ಣಲ್ಲಿ ಆಡಿ ಬಂದ ಮಗುವಿನ ಬೆರಳ ಮೇಲಿನ ಧೂಳೇ ರಕ್ತಕ್ಕೆ ಬೆರೆತು ಸುಳ್ಳು ಏರಿಕೆ ತೋರಿಸುತ್ತದೆ. ಶುದ್ಧ ನೀರು ಸೋಪಿನಿಂದ ತೊಳೆದು, ಗಾಳಿಗೆ ಒಣಗಿಸಿ, ಸ್ಪಿರಿಟ್ ಬಟ್ಟೆಯಿಂದ ಒರೆಸಿ, ಚುಚ್ಚಿ, ಮೊದಲ ಹನಿ ಒರೆಸಿ ಬಿಸಾಡಿ ಎರಡನೆಯದನ್ನು ತೆಗೆದುಕೊಳ್ಳಿ. ತೊಳೆದ ಕೈಯನ್ನು ಸೆರಗಿನಿಂದ ಒರೆಸಲು ಬಿಡಬೇಡಿ. ಸೀಸ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ದಾಟಿದ ಪ್ರತಿ ಮಗುವಿಗೂ ತೋಳಿನ ರಕ್ತದಿಂದ ಮರುಪರೀಕ್ಷೆ. ಇಂಥ ಯಂತ್ರದ ಕೆಳಮಿತಿ ಡೆಸಿಲೀಟರಿಗೆ 3.3 ಮೈಕ್ರೋಗ್ರಾಂ, ಅದಕ್ಕಿಂತ ಕೆಳಗಿನದು ಕಾಣದು. ಬಿಸಿಲು ಏರಿದ ಕೋಣೆಯಲ್ಲಿ ಯಂತ್ರ ದೋಷದ ಸಂಕೇತ ತೋರಿಸಿ ನಿಲ್ಲುತ್ತದೆ, ಮುಂಜಾನೆಯೇ ಮುಗಿಸಿ.

ಮೂತ್ರ: ಬೆಳಗಿನ ಮೊದಲ ಸಲದ್ದು, ಹಿಂದಿನ ಸಂಜೆ ಕೊಟ್ಟ 50 ಮಿ.ಲೀ. ಡಬ್ಬಿಯಲ್ಲಿ. ಗಣಿ ಅಥವಾ ಗ್ಯಾರೇಜಿನ ಬಟ್ಟೆಯಲ್ಲಿ ಡಬ್ಬಿ ಮುಟ್ಟಬಾರದು. ಆರ್ಸೆನಿಕ್ ರೂಪಗಳನ್ನು ಬೇರ್ಪಡಿಸುವುದಿದ್ದರೆ ಆಮ್ಲ ಹಾಕಬೇಡಿ, ನೇರ ಮೈನಸ್ 20 ಡಿಗ್ರಿಗೆ. ಬಿಸಿಲುನಾಡಿನಲ್ಲಿ ಕೆಲವರ ಮೂತ್ರ ಗಟ್ಟಿ, ಕೆಲವರದ್ದು ತೆಳು; ಸ್ನಾಯುಗಳಿಂದ ಬಂದು ಮೂತ್ರದಲ್ಲಿ ಹೊರಹೋಗುವ ಕ್ರಿಯೇಟಿನಿನ್ ಅಳೆದು ಅದರಿಂದ ಸರಿದೂಗಿಸಿ. ಲೀಟರಿಗೆ 0.3 ಗ್ರಾಂಗಿಂತ ಕಡಿಮೆ ಅಥವಾ 3 ಗ್ರಾಂಗಿಂತ ಹೆಚ್ಚು ಬಂದ ಮಾದರಿಯನ್ನು ಬಿಟ್ಟು ಮರುದಿನ ಮತ್ತೆ ಪಡೆಯಿರಿ. ಅಪೌಷ್ಟಿಕ ಮಕ್ಕಳಲ್ಲಿ, ಸ್ನಾಯು ಕರಗಿದ ಮುದುಕರಲ್ಲಿ ಕ್ರಿಯೇಟಿನಿನ್ ತಾನೇ ಕಡಿಮೆ, ಹಾಗಾಗಿ ಸರಿದೂಗಿಸಿದ ಅಂಕಿ ಉಬ್ಬುತ್ತದೆ. ಅಲ್ಲಿ ಸಾಪೇಕ್ಷ ಸಾಂದ್ರತೆಯಿಂದಲೂ ಲೆಕ್ಕ ಮಾಡಿ ಎರಡನ್ನೂ ಇಡಿ.

ನೀರು: ಆ ಮನೆ ನಿಜಕ್ಕೂ ಕುಡಿಯುವ ಮೂಲದಿಂದ. ಬೋರು ಐದು ನಿಮಿಷ ಓಡಲಿ, ಆಮೇಲೆ 0.45 ಮೈಕ್ರಾನ್ ಸೋಸುಕದಿಂದ ಹಾಯಿಸಿ ಆಮ್ಲದಲ್ಲಿ ತೊಳೆದ 125 ಮಿ.ಲೀ. ಪ್ಲಾಸ್ಟಿಕ್ ಬಾಟಲಿಗೆ, ಪಿಎಚ್ 2ಕ್ಕಿಂತ ಕೆಳಗಿಳಿಯುವಷ್ಟು ಶುದ್ಧ ನೈಟ್ರಿಕ್ ಆಮ್ಲ. ಸೋಸದೆ ಇನ್ನೊಂದು ಬಾಟಲಿಯನ್ನೂ ತುಂಬಿ, ಏಕೆಂದರೆ ಜನ ಸೋಸದೇ ಕುಡಿಯುತ್ತಾರೆ. ಸ್ಥಳದಲ್ಲೇ ನೋಡುವ ಆರ್ಸೆನಿಕ್ ಕಿಟ್‌ನ ಹಳದಿ ಕಲೆಯನ್ನು ನೆರಳಲ್ಲಿ, ಕೊಟ್ಟ ಸಮಯಕ್ಕೇ ಓದಿ. ಅದರಿಂದ ಹೊಮ್ಮುವ ಆರ್ಸೀನ್ ವಿಷಾನಿಲ; ಮುಚ್ಚಿದ ಕೋಣೆಯಲ್ಲಿ ಮಾಡಬೇಡಿ. ಕಿಟ್ ಆತಂಕದ ಬಾವಿಗಳನ್ನು ಬೇಗ ಗುರುತಿಸಲು ಮಾತ್ರ, ನಕ್ಷೆಗೆ ಪ್ರಯೋಗಾಲಯದ ಅಂಕಿಯೇ ಹೋಗಬೇಕು. ಭಾರತೀಯ ಮಾನಕ 10500ರಲ್ಲಿ ಕುಡಿಯುವ ನೀರಿಗೆ ಆರ್ಸೆನಿಕ್ ಮತ್ತು ಸೀಸ ತಲಾ ಲೀಟರಿಗೆ 10 ಮೈಕ್ರೋಗ್ರಾಂ, ಕ್ಯಾಡ್ಮಿಯಂ 3, ಪಾದರಸ 1.

ಕಾಲುವೆ ನೀರಾವರಿಯ ಶಹಾಪುರ, ಸುರಪುರದಲ್ಲಿ ಭತ್ತ ಬೆಳೆಯುತ್ತಾರೆ. ನಿಂತ ನೀರಲ್ಲಿ ಬೆಳೆವ ಭತ್ತ ಜೋಳಕ್ಕಿಂತ ಹೆಚ್ಚು ಆರ್ಸೆನಿಕ್ ಹೀರುತ್ತದೆ. ಮೂರು ಹೊತ್ತೂ ಅನ್ನ ಉಣ್ಣುವ ಮನೆಯಿಂದ ಒಂದು ಹಿಡಿ ಅಕ್ಕಿಯನ್ನೂ ಒಯ್ಯಿರಿ.

ಹಂತ 7: ಪ್ರಯೋಗಾಲಯದೊಂದಿಗೆ ಮಾತು

ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯೇ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ರಕ್ತದಲ್ಲಿ ಸೀಸಕ್ಕೆ ಮಾನ್ಯತೆ ಇದೆಯೇ ಎಂದು ಕೇಳಿ. ನೀರಿಗೆ ಮಾನ್ಯತೆ ಇದ್ದು ರಕ್ತಕ್ಕೆ ಇಲ್ಲದಿರುವುದು ಸಾಮಾನ್ಯ. ಕಣಗಳ ತೂಕ ನೋಡಿ ಲೋಹ ಗುರುತಿಸುವ ಐಸಿಪಿ-ಎಂಎಸ್ ಯಂತ್ರದಲ್ಲಿ ಆರ್ಸೆನಿಕ್‌ನ ತೂಕ 75. ಆರ್ಗಾನ್ ಮತ್ತು ಕ್ಲೋರಿನ್ ಕೂಡಿದ ಕಣದ ತೂಕವೂ 75. ಮೂತ್ರದಲ್ಲಿ, ನಮ್ಮ ಸವಳು ನೀರಿನಲ್ಲಿ ಉಪ್ಪು ಹೇರಳ. ಆ ಜೋಡಿ ಕಣವನ್ನು ತಡೆಯುವ ಹೀಲಿಯಂ ಕೋಶ ಬಳಸದೆ ಅಳೆದರೆ ಇಲ್ಲದ ಆರ್ಸೆನಿಕ್ ಕಾಣುತ್ತದೆ. ಈ ಪ್ರಶ್ನೆಯನ್ನು ಮೊದಲೇ ಕೇಳಿ, ಉತ್ತರ ಬರೆದು ಪಡೆಯಿರಿ.

ಪ್ರತಿ 20 ಮಾದರಿಗೆ ಒಂದು ಖಾಲಿ ಮಾದರಿ ಕಳಿಸಿ: ಶುದ್ಧ ನೀರನ್ನು ಹಳ್ಳಿಗೆ ಒಯ್ದು, ಅಲ್ಲೇ ನಳಿಕೆಗೆ ತುಂಬಿ, ಬೇರೆ ಮಾದರಿಗಳ ಹಾಗೇ ಸಂಖ್ಯೆ ಹಚ್ಚಿ. ಶೇ. 10ರಷ್ಟು ಮಾದರಿಗಳನ್ನು ಎರಡು ಹೆಸರಲ್ಲಿ ಕಳಿಸಿ, ಪ್ರಯೋಗಾಲಯಕ್ಕೆ ಹೇಳಬೇಡಿ. ಎರಡರ ನಡುವೆ ಶೇ. 20ಕ್ಕಿಂತ ಹೆಚ್ಚು ಅಂತರ ಬಂದರೆ ಆ ಸರದಿಯ ಮಾದರಿಗಳನ್ನೆಲ್ಲ ಮತ್ತೆ ಅಳೆಸಿ. ಘಟಕ ಗಮನಿಸಿ: ಡೆಸಿಲೀಟರಿಗೆ 5 ಎಂದರೆ ಲೀಟರಿಗೆ 50. ಈ ಹತ್ತು ಪಟ್ಟಿನ ತಪ್ಪು ವರದಿಗಳಲ್ಲಿ ಕಣ್ಣಿಗೆ ಬೀಳದೆ ಉಳಿದುಬಿಡುತ್ತದೆ.

ಹಂತ 8: ಅಂಕಿಯಿಂದ ನಕ್ಷೆಗೆ

ಪತ್ತೆಮಿತಿಗಿಂತ (ಯಂತ್ರ ಗುರುತಿಸಬಲ್ಲ ಕನಿಷ್ಠ ಪ್ರಮಾಣ) ಕೆಳಗಿನ ಅಂಕಿಗೆ ಸೊನ್ನೆ ಹಾಕಬೇಡಿ, ಖಾಲಿಯೂ ಬಿಡಬೇಡಿ. ಅಂಥವು ಕಡಿಮೆಯಿದ್ದರೆ ಪತ್ತೆಮಿತಿಯನ್ನು ಎರಡರ ವರ್ಗಮೂಲದಿಂದ ಭಾಗಿಸಿದ ಬೆಲೆ ಹಾಕಬಹುದು. ಮೂರರಲ್ಲೊಂದು ಭಾಗ ದಾಟಿದರೆ ಸರಾಸರಿ ಹೇಳುವುದನ್ನೇ ಬಿಟ್ಟು ಮಿತಿ ದಾಟಿದವರು ಎಷ್ಟು ಎಂದು ಹೇಳಿ. ಲೋಹದ ಅಂಕಿಗಳು ಒಂದು ಕಡೆ ಬಾಲ ಚಾಚಿರುತ್ತವೆ, ಗುಣೋತ್ತರ ಸರಾಸರಿಯೇ ಸರಿ.

ನಕ್ಷೆ ಬಿಡಿಸಲು ಕ್ಯೂಜಿಐಎಸ್ ತಂತ್ರಾಂಶ ಉಚಿತ, ಸಾಕು. ಮೂರೂ ಜಿಲ್ಲೆಗಳು ಯುಟಿಎಂ ಎಂಬ ನಕ್ಷೆ ನಿರ್ದೇಶಾಂಕ ಪದ್ಧತಿಯ 43 ಉತ್ತರ ವಲಯದಲ್ಲಿವೆ, ಅದರ ಸಂಕೇತ ಇಪಿಎಸ್‌ಜಿ 32643 ಹಾಕಿಕೊಳ್ಳಿ.

ಬಾವಿಗಳ ಚುಕ್ಕೆಗಳ ನಡುವೆ ಬಣ್ಣ ತುಂಬಿ ನುಣುಪಾದ ಹಾಸು ಮಾಡುವ ಆಸೆಯನ್ನು ತಡೆಯಿರಿ. ನಮ್ಮದು ಗಟ್ಟಿ ಕಲ್ಲಿನ ನಾಡು. ನೀರು ಬಿರುಕುಗಳಲ್ಲಿ ಹರಿಯುತ್ತದೆ. ಒಂದು ಬೋರಿನಲ್ಲಿ ಲೀಟರಿಗೆ ನೂರಾರು ಮೈಕ್ರೋಗ್ರಾಂ ಇದ್ದು ಕೂಗಳತೆಯ ಇನ್ನೊಂದರಲ್ಲಿ ಮಿತಿಯೊಳಗೆ ಇರಬಹುದು. ನುಣುಪಾದ ನಕ್ಷೆ ಆ ಎರಡನ್ನೂ ಅರೆಬರೆ ಕಿತ್ತಳೆ ಬಣ್ಣಕ್ಕೆ ತಿರುಗಿಸಿ, ಒಳ್ಳೆಯ ಬಾವಿಯನ್ನೂ ಕೆಡಿಸಿ, ಕೆಟ್ಟ ಬಾವಿಯನ್ನೂ ಮರೆಸುತ್ತದೆ. ಬಾವಿಗಳನ್ನು ಚುಕ್ಕೆಯಾಗಿಯೇ ತೋರಿಸಿ, ಆಳವನ್ನೂ ಬರೆಯಿರಿ.

ಜನರ ಅಂಕಿಯಲ್ಲೂ ಎಚ್ಚರ. 22 ಜನರಲ್ಲಿ 3 ಮಂದಿ ಮಿತಿ ದಾಟಿದರೆ ಶೇ. 13.6, ಆದರೆ ನಿಜವಾದ ಪ್ರಮಾಣ ಶೇ. 3ರಿಂದ 35ರ ನಡುವೆ ಎಲ್ಲಿಯೂ ಇರಬಹುದು. ಪಕ್ಕದ ಊರಲ್ಲಿ ಸೊನ್ನೆ ಬಂದರೂ ಅಲ್ಲಿ ಶೇ. 13ರವರೆಗೆ ಇರುವ ಸಾಧ್ಯತೆ ಉಳಿದಿದೆ. ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಹಸಿರು ಹಚ್ಚುವ ಆಧಾರವೇ ಇಲ್ಲ. ಗ್ರಾಮ ಪಂಚಾಯಿತಿ ಅಥವಾ ಹೋಬಳಿ ಮಟ್ಟಕ್ಕೆ ಕೂಡಿಸಿ, ಅನಿಶ್ಚಿತತೆ ಹೆಚ್ಚಿದ್ದಲ್ಲಿ ಬಣ್ಣದ ಮೇಲೆ ಅಡ್ಡಗೆರೆ ಎಳೆಯಿರಿ. ಅಳೆಯದ ಊರು ಬಿಳಿ ಇರಲಿ, ಹಸಿರು ಬೇಡ. ಹಸಿರು ಕಂಡ ಅಧಿಕಾರಿ ಅಲ್ಲಿ ನೀರು ಒಳ್ಳೆಯದಿದೆ ಎಂದೇ ಓದುತ್ತಾರೆ. 10 ಜನಕ್ಕಿಂತ ಕಡಿಮೆ ಇರುವ ಘಟಕವನ್ನು ಪ್ರಕಟಿಸಬೇಡಿ. ಹತ್ತು ಮನೆಯ ತಾಂಡಾದ ಮೇಲೆ ಚುಕ್ಕೆ ಇಟ್ಟರೆ ಹೆಸರು ಬರೆದಂತೆಯೇ, ಅಲ್ಲಿನ ಹುಡುಗಿಯರ ಮದುವೆ ಮಾತುಕತೆಗೂ ಅದು ಅಡ್ಡ ಬರುತ್ತದೆ.

ದೇಹದ ಅಂಕಿ, ಮನೆಯ ನೀರಿನ ಅಂಕಿ, ಲೆಕ್ಕ ಹಾಕಿದ ದಿನದ ಸೇವನೆ, ಕಸುಬು ಇವನ್ನು ಬೇರೆ ಬೇರೆ ಪದರಗಳಾಗಿ ಇಟ್ಟು ಒಂದರ ಮೇಲೊಂದು ಇಡಿ. ನೀರಿನಲ್ಲಿ ಆರ್ಸೆನಿಕ್ ಕಡಿಮೆ, ಮೂತ್ರದಲ್ಲಿ ಹೆಚ್ಚು ಇರುವ ಮನೆಗಳ ಪಟ್ಟಿ ತೆಗೆಯಿರಿ. ಇಡೀ ಸಮೀಕ್ಷೆಯ ಅತ್ಯಂತ ಬೆಲೆಬಾಳುವ ಹಾಳೆ ಅದು. ಹೊಲದ ಬೋರು, ಅಕ್ಕಿ, ಅಥವಾ ನೀವು ಕೇಳದೇ ಹೋದ ಇನ್ಯಾವುದೋ ಮೂಲ ಅಲ್ಲಿ ಅಡಗಿದೆ.

ಹಂತ 9: ಮನೆಗೆ ಮರಳುವುದು

ನಕ್ಷೆ ಜಿಲ್ಲಾಧಿಕಾರಿ ಕಚೇರಿಗೆ ಹೋಗುವ ಮುಂಚೆ ಚೀಟಿ ಮನೆಗೆ ಹೋಗಬೇಕು. ಅವರದೇ ಭಾಷೆಯಲ್ಲಿ ಮೂರು ಸಾಲು: ನಿಮ್ಮ ಅಂಕಿ, ಅದರ ಅರ್ಥ, ಈಗ ಏನು ಮಾಡಬೇಕು. ರಕ್ತದ ಸೀಸ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಿ ತಡೆಯಬೇಕು ಎಂಬುದು 2021ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಮಗುವಿನಲ್ಲಿ 45 ಮುಟ್ಟಿದರೆ ಚೀಟಿಗಾಗಿ ಕಾಯದೆ ಅದೇ ದಿನ ಫೋನ್ ಮಾಡಿ ಆಸ್ಪತ್ರೆಗೆ ಸೇರಿಸಿ. ಕಬ್ಬಿಣ, ಕ್ಯಾಲ್ಸಿಯಂ ಕೊರತೆಯಿರುವ ಮಗು ಸೀಸವನ್ನು ಹೆಚ್ಚು ಹೀರುತ್ತದೆ. ರಕ್ತಹೀನತೆಯನ್ನೂ ಜೊತೆಗೇ ನೋಡಿಸಿ. ಆರ್ಸೆನಿಕ್‌ಗೆ ಮನೆಮದ್ದಿಲ್ಲ, ನೀರು ಬದಲಿಸುವುದೇ ಮದ್ದು. ಅಂಗೈ ಅಂಗಾಲಲ್ಲಿ ಗಂಟುಗಂಟಾದ ಗಡಸು, ಎದೆ ಬೆನ್ನ ಮೇಲೆ ಮಳೆಹನಿ ಬಿದ್ದಂಥ ಚುಕ್ಕೆ ಇರುವವರನ್ನು ಚರ್ಮವೈದ್ಯರಿಗೆ ತೋರಿಸಿ, ವರ್ಷಕ್ಕೊಮ್ಮೆ ಮತ್ತೆ ನೋಡಲು ಪಟ್ಟಿ ಇಡಿ.

ನೀರಿನ ಮೂಲ ಬದಲಾದ ಮೇಲೆ ಅದೇ ಮನೆಗಳಲ್ಲಿ, ಅದೇ ಸಂಖ್ಯೆಯ ಕೆಳಗೆ, ಮತ್ತೆ ಮಾದರಿ ತೆಗೆಯಿರಿ: ಆರ್ಸೆನಿಕ್‌ಗೆ ನಾಲ್ಕು ವಾರಕ್ಕೆ, ಸೀಸಕ್ಕೆ ಮೂರು ತಿಂಗಳಿಗೆ. ಮೂತ್ರದ ಆರ್ಸೆನಿಕ್ ಇಳಿಯದಿದ್ದರೆ ಯಂತ್ರವನ್ನು ಅನುಮಾನಿಸುವ ಮುಂಚೆ ಅಡುಗೆಮನೆಗೆ ಹೋಗಿ ನೋಡಿ. ಹೊಸ ನಳದ ನೀರು ಮೂರು ದಿನಕ್ಕೊಮ್ಮೆ ಬರುತ್ತಿರುತ್ತದೆ, ನಡುವಿನ ಎರಡು ದಿನ ಕೊಡ ತುಂಬುವುದು ಅದೇ ಹಳೆಯ ಬೋರಿನಿಂದಲೇ.